ಊದಿದವರಾರು, ಒಡೆಯರಾರು?

ಕೊಡಗಿನಲ್ಲಿ ವಾಲಗವಿಲ್ಲದ ಮದುವೆಯಿಲ್ಲ. ಕೊಂಬಿನ ದನಿ ಗುಡ್ಡ ದಾಟಿ ಆಚೆಯ ತೋಟಕ್ಕೆ ಮುಟ್ಟಿತೆಂದರೆ, ಅಲ್ಲಿ ಕೆಲಸದಲ್ಲಿರುವವರು ಗಡಿಯಾರ ನೋಡದೆಯೇ ‘ಮದುವೆಮನೆಯಲ್ಲಿ ಕುಣಿತ ಶುರುವಾಯಿತು’ ಎಂದು ಹೇಳಬಲ್ಲರು. ಕೊಂಬು, ಕೊಟ್ಟು, ಪರೆ, ವಾಲಗ ಇವು ಕೂಡಿದರೆ ಮುದುಕರ ಕಾಲಿಗೂ ಬಲ ಬರುತ್ತದೆ. ಈ ವಾದ್ಯಗಳನ್ನು ನುಡಿಸುವ ಮನೆತನವೊಂದರಲ್ಲಿ ಹುಟ್ಟಿದವನು ನಾನು. ನಮ್ಮ ದೊಡ್ಡಪ್ಪ ವಾಲಗ ಊದುತ್ತಾರೆ. ತಂದೆ ಕೊಟ್ಟು ಬಡಿಯುತ್ತಾರೆ. ಮದುವೆಯ ಕಾಲ ಮುಗಿದರೆ ಇಬ್ಬರೂ ಕಾಫಿತೋಟದ ಕೆಲಸಕ್ಕೆ ಹೋಗುತ್ತಾರೆ. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ ಆದುದರಿಂದ, ಬ್ಯಾಂಕಿನ ಕಾಗದವಾಗಲಿ ಕಚೇರಿಯ ನೋಟೀಸಾಗಲಿ, ಬಂದದ್ದನ್ನೆಲ್ಲ ಓದಿ ಹೇಳುವ ಭಾರ ನನ್ನದು. ಕಳೆದ ವರ್ಷ ಹಾಗೆ ಓದಿ ಹೇಳಬೇಕಾಗಿ ಬಂದ ನಾಲ್ಕು ಸಾಲುಗಳೇ ಈ ಲೇಖನಕ್ಕೆ ಕಾರಣ.

ನಡೆದದ್ದು ಇಷ್ಟು. ೧೯೯೮ರಲ್ಲಿ, ನಾನು ಹುಟ್ಟುವುದಕ್ಕೂ ಮೊದಲು, ಕ್ಯಾಸೆಟ್ಟು ಮಾಡಿ ಮಾರುವವರೊಬ್ಬರು ನಮ್ಮ ದೊಡ್ಡಪ್ಪನವರ ತಂಡವನ್ನು ಪೇಟೆಗೆ ಕರೆಸಿ ಒಂದು ಹಗಲೆಲ್ಲ ನುಡಿಸಿದರಂತೆ. ನಾಲ್ವರಿಗೂ ಸೇರಿ ಎರಡು ಸಾವಿರ ರೂಪಾಯಿ, ಮಧ್ಯಾಹ್ನದ ಊಟ, ಬಸ್ಸಿನ ಚಾರ್ಜು. ಆ ದಿನಗಳಲ್ಲಿ ಅದು ಸಣ್ಣ ಹಣವಲ್ಲ. ದೊಡ್ಡಪ್ಪನವರು ಇಂದಿಗೂ ಅದನ್ನು ನೆನೆದು ಬೇಸರಪಡುವುದಿಲ್ಲ. ಕ್ಯಾಸೆಟ್ಟು ಬಂತು. ಅದರ ಹೊದಿಕೆಯ ಮೇಲೆ ಕುಣಿಯುವ ದಂಪತಿಗಳ ಚಿತ್ರವಿತ್ತು, ಮಾಡಿದವರ ಹೆಸರಿತ್ತು; ನುಡಿಸಿದವರ ಹೆಸರಿರಲಿಲ್ಲ. ಆ ಕ್ಯಾಸೆಟ್ಟಿನ ಒಂದು ಪ್ರತಿ ನಮ್ಮ ಮನೆಯ ಪೆಟ್ಟಿಗೆಯಲ್ಲಿ ಮೊನ್ನೆಯವರೆಗೂ ಇತ್ತು. ಅದು ಹಾಳಾಗಿ ಹೋಗುವ ಮುಂಚೆ ಉಳಿಸಿಕೊಳ್ಳೋಣವೆಂದು ನಾನು ಅದನ್ನು ಫೋನಿಗೆ ಇಳಿಸಿ, ತಂಡದ ಹಳೆಯ ಭಾವಚಿತ್ರವೊಂದನ್ನು ಸೇರಿಸಿ, ನಾಲ್ವರ ಹೆಸರನ್ನೂ ಬರೆದು, ಅಂತರ್ಜಾಲದ ತಾಣವೊಂದರಲ್ಲಿ ಹಾಕಿದೆ. ಮೂರನೆಯ ದಿನ ನೋಟೀಸು ಬಂತು: ‘ಈ ಧ್ವನಿಮುದ್ರಣವು ಇನ್ನೊಬ್ಬರ ಸ್ವತ್ತು, ತೆಗೆದುಹಾಕಲಾಗಿದೆ.’

ನಾನು ಓದಿ ಹೇಳಿದೆ. ದೊಡ್ಡಪ್ಪನವರು ನಮ್ಮ ಮಾತಿನಲ್ಲಿ ಕೇಳಿದ ಪ್ರಶ್ನೆಯನ್ನು ಕನ್ನಡದಲ್ಲಿ ಬರೆಯುವುದಾದರೆ ಹೀಗೆ: ‘ಊದಿದವನು ನಾನು. ಉಸಿರು ನನ್ನದು. ಅದು ಇನ್ನೊಬ್ಬರದು ಹೇಗೋ ಮಗಾ?’

ನನಗೆ ಉತ್ತರ ತಿಳಿದಿರಲಿಲ್ಲ. ಮೂರು ವರ್ಷ ಬಿ. ಎ. ಓದಿ, ಮನೆಯವರು ಕೇಳಿದ ಒಂದು ಪ್ರಶ್ನೆಗೆ ಉತ್ತರ ಹೇಳಲಾಗದೆ ಹೋದದ್ದು ನನ್ನನ್ನು ಚುಚ್ಚಿತು. ಅಂದಿನಿಂದ ಕಾನೂನಿನ ಪುಸ್ತಕಗಳನ್ನು ಹುಡುಕಿ, ಗುರುಗಳನ್ನು ಕೇಳಿ, ತಿಳಿದುಕೊಂಡಷ್ಟನ್ನು ಸಹಪಾಠಿಗಳ ಮುಂದೆ ಇಡುತ್ತಿದ್ದೇನೆ. ನಾನು ವಕೀಲನಲ್ಲ, ತಪ್ಪಿದ್ದರೆ ಬಲ್ಲವರು ತಿದ್ದಬೇಕು.

ಒಂದು ಹಾಡಿನೊಳಗೆ ಎಷ್ಟು ಸ್ವತ್ತು?

ಮೊದಲು ತಿಳಿಯಬೇಕಾದ ಸಂಗತಿಯೆಂದರೆ, ನಾವು ‘ಹಾಡು’ ಎಂದು ಒಂದೇ ಮಾತಿನಲ್ಲಿ ಕರೆಯುವುದು ಕಾನೂನಿನ ಕಣ್ಣಿಗೆ ಒಂದೇ ವಸ್ತುವಲ್ಲ. ಕೊಡಗಿನವರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ನಮ್ಮಲ್ಲಿ ಅನ್‌ರಿಡೀಮ್ಡ್ ಬಾಣೆಯೆಂಬುದೊಂದಿದೆ. ಜಮೀನು ಅನುಭವಿಸುವವನು ಒಬ್ಬ. ಆದರೆ ಅದರಲ್ಲಿ ನಿಂತ ಮರದ ಬೆಲೆ ಸರ್ಕಾರಕ್ಕೆ ಸಲ್ಲಬೇಕು. ನೆಲವೇ ಬೇರೆ, ಮರವೇ ಬೇರೆ. ಹೊರಗಿನವರಿಗೆ ಇದು ವಿಚಿತ್ರವೆನಿಸುತ್ತದೆ; ನಮಗೆ ಇದು ಅಜ್ಜನ ಕಾಲದಿಂದ ತಿಳಿದದ್ದೇ. ಹಾಡಿನ ಸಂಗತಿಯೂ ಹೀಗೆಯೇ. ಸಾಹಿತ್ಯವನ್ನು ಬರೆದವನ ಹಕ್ಕು ಒಂದು. ರಾಗ ಹಾಕಿದವನ ಹಕ್ಕು ಇನ್ನೊಂದು. ಹಾಡಿದವನ ಅಥವಾ ನುಡಿಸಿದವನ ಹಕ್ಕು ಮೂರನೆಯದು. ಹಾಡಿದ್ದನ್ನು ಹಿಡಿದಿಟ್ಟ ಧ್ವನಿಮುದ್ರಣದ ಹಕ್ಕು ನಾಲ್ಕನೆಯದು. ಒಂದೇ ಬಾಣೆಯಲ್ಲಿ ನಾಲ್ವರು ಒಡೆಯರು.

ಈ ಹಕ್ಕುಗಳು ಒಂದರೊಡನೊಂದು ತಾಗುವುದೂ ಉಂಟು. ಕನ್ನಡಿಗರೆಲ್ಲರ ಮೆಚ್ಚಿನ ಗಾಯಕರಾಗಿದ್ದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಅವರಿಗೆ ೨೦೧೭ರಲ್ಲಿ, ತಾವು ರಾಗ ಸಂಯೋಜಿಸಿದ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಸಂಗೀತ ನಿರ್ದೇಶಕ ಇಳಯರಾಜ ಅವರ ಕಡೆಯಿಂದ ನೋಟೀಸು ಬಂದಾಗ ಜನರು ಬೆರಗಾದರು. ಆ ಹಾಡುಗಳನ್ನು ಜನಪ್ರಿಯಗೊಳಿಸಿದ ಕಂಠವೇ ಅವರದು. ಆದರೆ ಅಲ್ಲಿದ್ದ ಪ್ರಶ್ನೆ ಕಂಠದ್ದಲ್ಲ, ಎರಡನೆಯ ಹಕ್ಕಿನದು, ರಾಗದ್ದು.

ನಮ್ಮ ವಾಲಗದ ಮಟ್ಟುಗಳಲ್ಲಿ ಮೊದಲ ಎರಡು ಹಕ್ಕುಗಳ ಪ್ರಶ್ನೆ ಏಳುವುದಿಲ್ಲ. ಅವುಗಳಿಗೆ ಸಾಹಿತ್ಯವಿಲ್ಲ, ರಾಗ ಕಟ್ಟಿದವರ ಹೆಸರು ಯಾರಿಗೂ ತಿಳಿಯದು. ಅವು ನಾಡಿನ ಸ್ವತ್ತು. ದುಡಿ ಬಾರಿಸುತ್ತ ಹಾಡುವ ಬಾಳೋಪಾಟೂ ಹಾಗೆಯೇ. ನಡಿಕೇರಿಯಂಡ ಚಿಣ್ಣಪ್ಪನವರು ಇಂಥ ಹಾಡುಗಳನ್ನು ಕೂಡಿಹಾಕಿ ೧೯೨೪ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಪ್ರಕಟಿಸಿದರು, ಬಾಯಿಂದ ಬಾಯಿಗೆ ಹರಿಯುತ್ತಿದ್ದುದು ಅಚ್ಚಿಗೆ ಬಂತು. ಚಿಣ್ಣಪ್ಪನವರು ೧೯೩೧ರಲ್ಲಿ ತೀರಿಕೊಂಡರು. ಲೇಖಕನ ಕೃತಿಗೆ ಅವನ ಮರಣಾನಂತರ ೬೦ ವರ್ಷ ರಕ್ಷಣೆಯೆಂಬುದು ಇಂದಿನ ನಿಯಮ. ಆ ಅವಧಿ ಎಂದೋ ಕಳೆದಿದೆ. ಹರದಾಸ ಅಪ್ಪಚ್ಚ ಕವಿಗಳು ೧೯೪೪ರಲ್ಲಿ ಗತಿಸಿದರು. ಅವರ ನಾಟಕಗಳ ಹಾಡುಗಳೂ ೨೦೦೫ರಿಂದ ಎಲ್ಲರ ಸ್ವತ್ತಾಗಿವೆ. ಆದುದರಿಂದ ನಮ್ಮ ಜಿಲ್ಲೆಯ ಹಳೆಯ ಸಂಗೀತದ ಮಟ್ಟಿಗೆ ಉಳಿಯುವ ಜಗಳವೆಲ್ಲ ಮೂರನೆಯ ಮತ್ತು ನಾಲ್ಕನೆಯ ಹಕ್ಕಿನದೇ: ನುಡಿಸಿದವನದು ಮತ್ತು ಮುದ್ರಿಸಿದವನದು.

ಮೈಸೂರಿನಲ್ಲಿ ಮುಗಿದ ಒಂದು ಕಥೆ

ಮುದ್ರಿಸಿದವನು ಒಡೆಯನಾದದ್ದು ಹೇಗೆ? ಇದನ್ನು ತಿಳಿಯಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

೧೯೦೨ರ ನವೆಂಬರ್ ತಿಂಗಳಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬಾತ ಗ್ರಾಮಫೋನ್ ಕಂಪನಿಯ ಪರವಾಗಿ ಕಲಕತ್ತೆಗೆ ಬಂದು ಹೋಟೆಲೊಂದರಲ್ಲಿ ಯಂತ್ರ ಹೂಡಿದ. ಅಲ್ಲಿ ಹಾಡಿದವರಲ್ಲಿ ಅಗ್ರಗಣ್ಯೆ ಗೌಹರ್ ಜಾನ್. ಆಗಿನ ತಟ್ಟೆಯಲ್ಲಿ ಹಿಡಿಯುತ್ತಿದ್ದುದು ಮೂರು ನಿಮಿಷದ ಹಾಡು. ಗಂಟೆಗಟ್ಟಲೆ ಬೆಳೆಸುವ ರಾಗವನ್ನು ಆಕೆ ಆ ಮೂರು ನಿಮಿಷದಲ್ಲಿ ಅಡಗಿಸಿ ತೋರಿಸಿದರು. ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಹೇಳುತ್ತಿದ್ದರು. ಜಂಬಕ್ಕಲ್ಲ, ಆ ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆ ಯಾರದೆಂದು ಗುರುತು ಸಿಗಲೆಂದು. ಮುಂದಿನ ವರ್ಷಗಳಲ್ಲಿ ಆಕೆ ಹತ್ತಕ್ಕೂ ಹೆಚ್ಚು ಭಾಷೆಗಳಲ್ಲಿ ಹಾಡಿ ತಟ್ಟೆಗೆ ಕೊಟ್ಟರು.

ಆಕೆಗೆ ಸಂಭಾವನೆ ಸಿಕ್ಕಿತು. ಅದೂ ಆ ಕಾಲಕ್ಕೆ ಭಾರಿಯಾದ ಸಂಭಾವನೆಯೇ. ಆದರೆ ತಟ್ಟೆ ಕಂಪನಿಯದಾಯಿತು. ಇಂಗ್ಲೆಂಡಿನ ೧೯೧೧ರ ಕಾನೂನು, ಅದನ್ನನುಸರಿಸಿ ಇಲ್ಲಿ ಜಾರಿಗೆ ಬಂದ ೧೯೧೪ರ ಕಾನೂನು, ಎರಡೂ ಧ್ವನಿಮುದ್ರಣದ ಕರ್ತೃ ಯಾರೆಂದರೆ ‘ಮೂಲ ತಟ್ಟೆಯ ಮಾಲೀಕ’ ಎಂದು ಹೇಳಿದವು. ಹಾಡಿದವರ ಮಾತೇ ಅಲ್ಲಿಲ್ಲ. ಗೌಹರ್ ಜಾನ್ ಇಳಿವಯಸ್ಸಿನಲ್ಲಿ ನಮ್ಮ ನೆರೆಯ ಮೈಸೂರಿಗೆ ಬಂದರು. ನಾಲ್ವಡಿ ಕೃಷ್ಣರಾಜ ಒಡೆಯರು ೧೯೨೮ರಲ್ಲಿ ಅವರಿಗೆ ತಿಂಗಳಿಗೆ ಐನೂರು ರೂಪಾಯಿಯ ಸಂಬಳದಲ್ಲಿ ಆಸ್ಥಾನದಲ್ಲಿ ಸ್ಥಾನ ಕೊಟ್ಟರು. ೧೯೩೦ರ ಜನವರಿ ೧೭ರಂದು ಮೈಸೂರಿನಲ್ಲಿಯೇ ಅವರು ತೀರಿಕೊಂಡರು. ಕೊನೆಗಾಲದಲ್ಲಿ ಅವರಿಗೆ ಆಸರೆಯಾದದ್ದು ಅರಸರ ಔದಾರ್ಯ. ದೇಶದ ತುಂಬ ತಿರುಗುತ್ತಿದ್ದ ತಟ್ಟೆಗಳಲ್ಲ. ಔದಾರ್ಯ ದೊಡ್ಡದೇ. ಆದರೆ ಔದಾರ್ಯವೇ ಬೇರೆ, ಹಕ್ಕೇ ಬೇರೆ. ಅರಸರೆಲ್ಲರೂ ನಾಲ್ವಡಿಯವರಾಗಿರುವುದಿಲ್ಲ.

ಸ್ವಾತಂತ್ರ್ಯ ಬಂದ ಮೇಲೆ ನಾವು ನಮ್ಮದೇ ಕೃತಿಸ್ವಾಮ್ಯ ಕಾನೂನನ್ನು ೧೯೫೭ರಲ್ಲಿ ಮಾಡಿಕೊಂಡೆವು. ಅದು ೧೯೫೮ರ ಜನವರಿ ೨೧ರಿಂದ ಜಾರಿಗೆ ಬಂತು. ಪರದೇಶದ ದೊರೆಗಳು ಹೋದರೂ ಅವರ ‘ತಟ್ಟೆಯ ಮಾಲೀಕ’ ಮಾತ್ರ ಹೊಸ ಕಾನೂನಿನಲ್ಲಿಯೂ ಕುಳಿತಿದ್ದ.

ಹಾವಾಡಿಗನಿಗೂ ಹಕ್ಕು

ಈ ಕೊರತೆಯನ್ನು ಎತ್ತಿ ತೋರಿಸಿದವರು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್. ೧೯೭೭ರಲ್ಲಿ ಚಲನಚಿತ್ರ ನಿರ್ಮಾಪಕರಿಗೂ ಸಂಗೀತ ರಚಿಸಿದವರ ಸಂಘಕ್ಕೂ ನಡೆದ ಮೊಕದ್ದಮೆಯೊಂದರಲ್ಲಿ ತೀರ್ಪು ನಿರ್ಮಾಪಕರ ಪರವಾಗಿಯೇ ಆಯಿತು. ಆದರೆ ಅಯ್ಯರ್ ಅವರು ತೀರ್ಪಿಗೆ ತಮ್ಮದೊಂದು ಟಿಪ್ಪಣಿ ಸೇರಿಸಿ, ಕಂಠದಿಂದ ಸಂಗೀತಕ್ಕೆ ಜೀವ ತುಂಬುವ ಗಾಯಕನಿಗೆ ನಮ್ಮ ಕಾನೂನಿನಲ್ಲಿ ಯಾವ ಹಕ್ಕೂ ಇಲ್ಲದಿರುವುದು ಭಾರತೀಯ ಸಂಪ್ರದಾಯಕ್ಕೆ ಒಪ್ಪದ ಸಂಗತಿಯೆಂದೂ, ಸಂಸತ್ತು ಇದನ್ನು ಯೋಚಿಸಬೇಕೆಂದೂ ಬರೆದರು.

ಸಂಸತ್ತು ಯೋಚಿಸಿತು, ಆದರೆ ಹದಿನೇಳು ವರ್ಷದ ಮೇಲೆ. ೧೯೯೪ರ ತಿದ್ದುಪಡಿ ೧೯೯೫ರ ಮೇ ೧೦ರಂದು ಜಾರಿಗೆ ಬಂದಾಗ ‘ಪ್ರದರ್ಶಕನ ಹಕ್ಕು’ ಎಂಬ ಹೊಸ ಹಕ್ಕು ಹುಟ್ಟಿತು. ಪ್ರದರ್ಶಕನೆಂದರೆ ಯಾರು? ಕಾನೂನಿನ ಪಟ್ಟಿಯನ್ನು ಓದಿ ನನಗೆ ಸಂತೋಷವಾಯಿತು: ನಟ, ಗಾಯಕ, ವಾದ್ಯಗಾರ, ನರ್ತಕ ಮಾತ್ರವಲ್ಲ, ದೊಂಬರಾಟದವನು, ಚೆಂಡೆಸೆದು ಹಿಡಿಯುವವನು, ಗಾರುಡಿಗ, ಹಾವಾಡಿಗ, ಉಪನ್ಯಾಸ ಮಾಡುವವನು ಕೂಡ ಅದರಲ್ಲಿದ್ದಾರೆ. ನಮ್ಮ ಅಧ್ಯಾಪಕರೂ ಹಾವಾಡಿಗರೂ ಒಂದೇ ಪಂಕ್ತಿಯಲ್ಲಿ ಕುಳಿತಿರುವುದನ್ನು ಗುರುಗಳು ಮನ್ನಿಸಬೇಕು. ಈ ಹಕ್ಕಿನ ಅವಧಿ ಮೊದಲು ೨೫ ವರ್ಷವಿತ್ತು. ೧೯೯೯ರ ತಿದ್ದುಪಡಿಯಿಂದ ೫೦ ವರ್ಷವಾಯಿತು. ೨೦೧೨ರ ಜೂನ್ ೨೧ರಂದು ಜಾರಿಗೆ ಬಂದ ತಿದ್ದುಪಡಿ ಇದನ್ನು ಇನ್ನಷ್ಟು ಬಲಗೊಳಿಸಿತು. ತನ್ನ ಪ್ರದರ್ಶನವನ್ನು ಮುದ್ರಿಸುವ, ಪ್ರತಿ ಮಾಡುವ, ಮಾರುವ, ಜನರಿಗೆ ತಲುಪಿಸುವ ಅಧಿಕಾರ ಪ್ರದರ್ಶಕನದು. ಅಷ್ಟೇ ಅಲ್ಲ, ತನ್ನ ಹೆಸರನ್ನು ಹೇಳಬೇಕೆಂದು ಕೇಳುವ ಹಕ್ಕೂ, ತನ್ನ ಕೀರ್ತಿಗೆ ಕುಂದು ಬರುವಂತೆ ಪ್ರದರ್ಶನವನ್ನು ಕೆಡಿಸಿದರೆ ತಡೆಯುವ ಹಕ್ಕೂ ಅವನಿಗುಂಟು. ಈ ಕೊನೆಯೆರಡು ಹಕ್ಕುಗಳು, ಉಳಿದೆಲ್ಲವನ್ನೂ ಬರೆದುಕೊಟ್ಟ ಮೇಲೂ ಅವನಲ್ಲಿಯೇ ಉಳಿಯುತ್ತವೆ.

೨೦೧೩ರಲ್ಲಿ ಗಾಯಕರು ತಮ್ಮದೇ ಸಂಘವೊಂದನ್ನು ಈ ಕಾನೂನಿನ ಕೆಳಗೆ ನೋಂದಾಯಿಸಿಕೊಂಡು, ತಮಗೆ ಸಲ್ಲಬೇಕಾದ ಗೌರವಧನವನ್ನು ವಸೂಲು ಮಾಡತೊಡಗಿದರು. ಹೀಗೆ ಮೂರನೆಯ ಹಕ್ಕು ನೆಲೆಗೊಂಡಿತು.

ಆದರೆ ನಾಲ್ಕನೆಯದು? ಧ್ವನಿಮುದ್ರಣದ ಕರ್ತೃ ಇಂದಿಗೂ ಗಾಯಕನಲ್ಲ. ೧೯೯೪ರಲ್ಲಿ ‘ತಟ್ಟೆಯ ಮಾಲೀಕ’ ಎಂಬ ಮಾತು ಹೋಗಿ ‘ನಿರ್ಮಾಪಕ’ ಎಂಬ ಮಾತು ಬಂತು. ನಿರ್ಮಾಪಕನೆಂದರೆ, ಮುದ್ರಣ ಮಾಡಿಸಲು ಮುಂದಾಗಿ ಅದರ ಹೊಣೆ ಹೊತ್ತವನು. ಅವನ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ ೬೦ ವರ್ಷ.

ದೊಡ್ಡಪ್ಪನವರ ಪ್ರಶ್ನೆಗೆ ಉತ್ತರ

ಈಗ ನಮ್ಮ ಕ್ಯಾಸೆಟ್ಟಿಗೆ ಬರೋಣ. ೧೯೯೮ರಲ್ಲಿ ಯಂತ್ರ ತಂದವರು, ಹಣ ಹಾಕಿದವರು, ಕರೆಸಿದವರು ಕ್ಯಾಸೆಟ್ಟು ಮಾಡಿದವರೇ. ಆದುದರಿಂದ ಆ ಧ್ವನಿಮುದ್ರಣ ಅವರದು. ೨೦೫೮ರ ಕೊನೆಯವರೆಗೂ ಅವರದು. ನನ್ನ ಫೋನಿಗೆ ಬಂದ ನೋಟೀಸಿನಲ್ಲಿ ಅಷ್ಟರಮಟ್ಟಿಗೆ ತಪ್ಪಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಕೆಲವು ದಿನ ಬೇಕಾದವು.

ಆದರೆ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ನುಡಿಸಿದ್ದು ೧೯೯೫ರ ಮೇ ತಿಂಗಳ ಈಚೆಗೆ; ಹೀಗಾಗಿ ಪ್ರದರ್ಶಕರ ಹಕ್ಕು ನಾಲ್ವರಿಗೂ ಉಂಟು, ಅದು ೨೦೪೮ರ ಕೊನೆಯವರೆಗೆ. ಮುದ್ರಿಸಿದವರ ಹಕ್ಕಿಗಿಂತ ನುಡಿಸಿದವರ ಹಕ್ಕು ಹತ್ತು ವರ್ಷ ಮೊದಲೇ ಸಾಯುತ್ತದೆಂಬುದನ್ನು ಓದುಗರು ಗಮನಿಸಬೇಕು. ಕ್ಯಾಸೆಟ್ಟಿಗಾಗಿ ನುಡಿಸಲು ನಾಲ್ವರೂ ಒಪ್ಪಿದ್ದರು, ನಿಜ. ಆದರೆ ಅವರು ಯಾವ ಕಾಗದಕ್ಕೂ ರುಜು ಹಾಕಿಲ್ಲ, ಹೆಬ್ಬೆಟ್ಟೂ ಒತ್ತಿಲ್ಲ. ಹಕ್ಕು ಒಬ್ಬರಿಂದ ಒಬ್ಬರಿಗೆ ಹೋಗಬೇಕಾದರೆ ಬರವಣಿಗೆಯಲ್ಲಿರಬೇಕು, ಕೊಡುವವನ ರುಜುವಿರಬೇಕೆಂದು ಕಾನೂನು ಹೇಳುತ್ತದೆ. ಎಷ್ಟು ವರ್ಷಕ್ಕೆಂದು ಬರೆಯದಿದ್ದರೆ ಐದು ವರ್ಷ. ಎಲ್ಲಿಗೆಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ೨೦೧೨ರ ತಿದ್ದುಪಡಿಯ ಪ್ರಕಾರ, ಕರಾರಿನ ಕಾಲಕ್ಕೆ ಬಳಕೆಯಲ್ಲಿಲ್ಲದ ಹೊಸ ಮಾಧ್ಯಮವೊಂದು ಮುಂದೆ ಬಂದರೆ, ಅದರ ಹೆಸರನ್ನು ಕರಾರಿನಲ್ಲಿ ಹೇಳದ ಹೊರತು ಆ ಮಾಧ್ಯಮದ ಹಕ್ಕು ಕೊಟ್ಟಂತಾಗುವುದಿಲ್ಲ. ಹಳೆಯ ವ್ಯವಹಾರಗಳಿಗೆ ಇದು ಎಷ್ಟು ಅನ್ವಯಿಸುತ್ತದೆಂಬುದನ್ನು ವಕೀಲರೇ ಹೇಳಬೇಕು. ಹಾಗಾದರೆ ಉತ್ತರವೇನು? ಮರ ಅವರದು, ನೆಲದಲ್ಲಿ ನಮಗೂ ಪಾಲುಂಟು. ಅವರು ನಮ್ಮನ್ನು ಬಿಟ್ಟು ನಡೆಯಲಾರರು, ನಾವು ಅವರನ್ನು ಬಿಟ್ಟು ಆ ಮುದ್ರಣವನ್ನು ಮುಟ್ಟಲಾರೆವು.

ಇನ್ನೊಂದು ದೂರು ದೊಡ್ಡಪ್ಪನವರಲ್ಲಿತ್ತು. ಈಗೀಗ ಕೆಲವು ಮದುವೆಗಳಲ್ಲಿ ವಾಲಗದವರನ್ನು ಕರೆಯದೆ ಧ್ವನಿವರ್ಧಕಕ್ಕೆ ಮುದ್ರಿತ ವಾಲಗವನ್ನೇ ಹಚ್ಚುತ್ತಾರೆ. ಒಮ್ಮೆ ಅವರು ಅತಿಥಿಯಾಗಿ ಹೋದ ಮದುವೆಯಲ್ಲಿ ತಮ್ಮದೇ ಕ್ಯಾಸೆಟ್ಟಿನ ವಾಲಗ ಕೇಳಿತಂತೆ. ಅದಕ್ಕೆ ಕುಣಿಯಲಾರದೆ, ಊಟಕ್ಕೂ ನಿಲ್ಲದೆ ಹಿಂತಿರುಗಿದರಂತೆ. ಇದಕ್ಕೆ ಕಾನೂನಿನಲ್ಲಿ ಮದ್ದಿಲ್ಲ. ಧಾರ್ಮಿಕ ಸಮಾರಂಭ, ಮದುವೆಯ ಮೆರವಣಿಗೆ, ಮದುವೆಗೆ ಸಂಬಂಧಿಸಿದ ಸಂತೋಷಕೂಟ ಇವುಗಳಲ್ಲಿ ಮುದ್ರಿತ ಸಂಗೀತ ಹಾಕಿದರೆ ಕೃತಿಸ್ವಾಮ್ಯದ ಉಲ್ಲಂಘನೆಯಲ್ಲವೆಂದು ಕಾನೂನೇ ವಿನಾಯಿತಿ ಕೊಟ್ಟಿದೆ. ಬಡವರ ಮದುವೆಗೆ ಹೊರೆಯಾಗದಿರಲೆಂಬ ಉದ್ದೇಶ ಒಳ್ಳೆಯದೇ. ಆದರೆ ಮದುವೆಯೇ ಕಸುಬಾದವರಿಗೆ ಅದು ನೆರವಾಗುವುದಿಲ್ಲ. ಆ ಕೊರತೆಯನ್ನು ತುಂಬಬೇಕಾದವರು ಮದುವೆ ಮಾಡುವ ಮನೆಯವರು.

ಮತ್ತೆ ಊದಬಹುದು

ಮುದ್ರಿಸಿದವರ ಪಕ್ಷವನ್ನೂ ಹೇಳದಿದ್ದರೆ ಅನ್ಯಾಯವಾದೀತು. ಅವರು ಹಣ ಹಾಕದೆ ಇದ್ದಿದ್ದರೆ ೧೯೯೮ರ ಆ ದನಿ ಇಂದು ಎಲ್ಲಿಯೂ ಇರುತ್ತಿರಲಿಲ್ಲ. ಅಂದು ಊದಿದ ನಾಲ್ವರಲ್ಲಿ ಕೊಂಬಿನವರು ಈಗಿಲ್ಲ; ಅವರ ಉಸಿರು ಉಳಿದಿರುವುದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಹತ್ತು ಕ್ಯಾಸೆಟ್ಟು ಮಾಡಿದರೆ ಎರಡು ಮಾರಾಟವಾಗಬಹುದು. ನಷ್ಟದ ಹೊಣೆ ಹೊತ್ತವನಿಗೆ ಲಾಭದ ಹಕ್ಕಿರಬೇಕೆಂಬ ವಾದವನ್ನು ತಳ್ಳಿಹಾಕುವಂತಿಲ್ಲ. ನಮ್ಮ ಆಕ್ಷೇಪವಿರುವುದು ಅವರು ಪಾಲು ತೆಗೆದುಕೊಂಡರೆಂದಲ್ಲ; ಪಾಲಿನ ಮಾತೇ ಎತ್ತಲಿಲ್ಲವೆಂದು, ಹೆಸರನ್ನೂ ಬರೆಯಲಿಲ್ಲವೆಂದು.

‘ನಾಡಿನ ಮಟ್ಟಿಗೆ ಒಡೆತನವೇಕೆ?’ ಎಂದು ಗೆಳೆಯನೊಬ್ಬ ಕೇಳಿದ. ಕಾವೇರಿಯ ನೀರು ಎಲ್ಲರದು; ಆದರೆ ಒಬ್ಬಳು ಮೆಟ್ಟಿಲಿಳಿದು ತುಂಬಿಕೊಂಡು ತಲೆಯ ಮೇಲೆ ಹೊತ್ತು ತಂದ ಬಿಂದಿಗೆಯ ನೀರು ಹೊತ್ತವಳದು. ಮಟ್ಟು ಹೊಳೆಯಾದರೆ ಮುದ್ರಣ ಬಿಂದಿಗೆ. ಹೊಳೆಯನ್ನು ಯಾರೂ ಕೊಂಡೊಯ್ಯಲಾರರು. ಇದರಲ್ಲಿಯೇ ನಮಗೆ ಬಿಡುಗಡೆಯ ದಾರಿಯೂ ಇದೆ. ಕ್ಯಾಸೆಟ್ಟಿನವರ ಹಕ್ಕಿರುವುದು ಆ ಒಂದು ಹಗಲಿನ ಮುದ್ರಣದ ಮೇಲೆ ಮಾತ್ರ, ಮಟ್ಟಿನ ಮೇಲಲ್ಲ. ದೊಡ್ಡಪ್ಪನವರು ಅದೇ ಮಟ್ಟನ್ನು ನಾಳೆ ಮತ್ತೆ ಊದಬಹುದು, ಮತ್ತೆ ಮುದ್ರಿಸಬಹುದು.

ಹೊರದೇಶದ ದೊಡ್ಡ ಕಲಾವಿದರೂ ಈ ದಾರಿಗಳನ್ನೇ ಹಿಡಿದಿದ್ದಾರೆ. ಅಮೆರಿಕದ ಕುರುಡ ಗಾಯಕ ರೇ ಚಾರ್ಲ್ಸ್ ೧೯೫೯ರಲ್ಲಿ ಹೊಸ ಕಂಪನಿಗೆ ಸೇರುವಾಗಲೇ ಮೂಲ ಮುದ್ರಣಗಳು ತನ್ನವಾಗಬೇಕೆಂದು ಕರಾರು ಮಾಡಿಸಿಕೊಂಡರು. ನಮ್ಮ ಹಾಸ್ಟೆಲಿನ ಗೆಳೆಯರು ಕೇಳುವ ಟೇಲರ್ ಸ್ವಿಫ್ಟ್ ಅವರ ಮೊದಲ ಆರು ಸಂಪುಟಗಳ ಮೂಲ ಮುದ್ರಣಗಳು ೨೦೧೯ರಲ್ಲಿ ಅವರ ಇಚ್ಛೆಗೆ ವಿರುದ್ಧವಾಗಿ ಬೇರೆಯವರ ಕೈಗೆ ಮಾರಾಟವಾದವು. ಆಕೆ ಅಳುತ್ತ ಕೂರಲಿಲ್ಲ. ೨೦೨೧ರಿಂದ ೨೦೨೩ರವರೆಗೆ ನಾಲ್ಕು ಸಂಪುಟಗಳನ್ನು ಪುನಃ ಹಾಡಿ ಮುದ್ರಿಸಿ, ಆ ಹೊಸ ಮುದ್ರಣಗಳ ಒಡೆತಿಯಾದರು. ೨೦೨೫ರ ಮೇ ತಿಂಗಳಲ್ಲಿ ಹಳೆಯವನ್ನೂ ಕೊಂಡುಕೊಂಡರು. ನಮ್ಮ ದೇಶದಲ್ಲಿಯೇ ಗಾಯಕಿ ಶುಭಾ ಮುದ್ಗಲ್ ಮತ್ತು ತಬಲಾವಾದಕ ಅನೀಶ್ ಪ್ರಧಾನ್ ೨೦೦೩ರಲ್ಲಿ ‘ಅಂಡರ್‌ಸ್ಕೋರ್ ರೆಕಾರ್ಡ್ಸ್’ ಎಂಬ ಸಂಸ್ಥೆಯನ್ನು ಕಟ್ಟಿ, ಕಲಾವಿದರು ತಮ್ಮ ಮುದ್ರಣಗಳನ್ನು ತಾವೇ ಮಾಡಿ ಜನರಿಗೆ ತಲುಪಿಸಲು ದಾರಿ ತೋರಿಸಿದರು. ಕೋಟ್ಯಧಿಪತಿಯಾದ ಗಾಯಕಿಗೂ ನಮ್ಮ ವಾಲಗದವರಿಗೂ ಹೋಲಿಕೆಯೆಲ್ಲಿ ಎಂದು ನಗಬೇಡಿ. ಮುಂದಾಗಿ ಹೊಣೆ ಹೊತ್ತವನೇ ನಿರ್ಮಾಪಕನೆಂದ ಮೇಲೆ, ನುಡಿಸುವವನೇ ಮುಂದಾದರೆ ಅವನೇ ಒಡೆಯ. ಹಿಂದೆ ಇದಕ್ಕೆ ಯಂತ್ರ ಬೇಕಿತ್ತು, ಕೋಣೆ ಬೇಕಿತ್ತು, ಹಣ ಬೇಕಿತ್ತು. ಇಂದು ಜೇಬಿನಲ್ಲಿರುವ ಫೋನು ಸಾಕು.

ಒಂದು ಹಾಳೆ ಕಾಗದ

ಕಳೆದ ಹುತ್ತರಿಯ ರಜೆಯಲ್ಲಿ ನಾವು ಹಾಗೆಯೇ ಮಾಡಿದೆವು. ತೀರಿಕೊಂಡವರ ಬದಲು ಅವರ ಮಗ ಕೊಂಬು ಹಿಡಿದ. ಗಾಳಿ ನಿಂತ ಹೊತ್ತು ನೋಡಿ, ಮನೆಯ ಹಿಂದಿನ ಕಣದಲ್ಲಿ, ಗೆಳೆಯನಿಂದ ಎರವಲು ತಂದ ಮೈಕನ್ನು ಫೋನಿಗೆ ಸಿಕ್ಕಿಸಿ ಐದು ಮಟ್ಟುಗಳನ್ನು ಮುದ್ರಿಸಿದೆವು. ನಡುವೆ ಎರಡು ಸಲ ನಾಯಿ ಬೊಗಳಿತು, ಮತ್ತೆ ನುಡಿಸಿದರು. ಮುಗಿದ ಮೇಲೆ ನಾನು ಬೀಗುತ್ತ ನಾನು ಓದಿದ ಕಾನೂನನ್ನೆಲ್ಲ ವಿವರಿಸಿದೆ: ಯಾರು ಮುಂದಾಗಿ ಹೊಣೆ ಹೊತ್ತರೋ ಅವರದೇ ಮುದ್ರಣ, ಇತ್ಯಾದಿ. ದೊಡ್ಡಪ್ಪನವರು ಎಲ್ಲವನ್ನೂ ಕೇಳಿ, ವಾಲಗದ ಬಾಯಿಯನ್ನು ಬಟ್ಟೆಯಿಂದ ಒರೆಸುತ್ತ ಮೆಲ್ಲನೆ ಕೇಳಿದರು: ‘ಎಲ್ಲರನ್ನು ಕೂಡಿಸಿದವನು ನೀನು, ಮೈಕು ತಂದವನು ನೀನು, ಗುಂಡಿ ಒತ್ತಿದವನ‍ೂ ನೀನು. ಹಾಗಾದರೆ ಈಗ ಒಡೆಯ ನೀನೋ?’

ನಾನು ಸುಮ್ಮನಾದೆ. ಅವರು ಹೇಳಿದ್ದು ಸರಿಯಾಗಿತ್ತು. ಕ್ಯಾಸೆಟ್ಟಿನವರ ಜಾಗದಲ್ಲಿ, ನನಗರಿವಿಲ್ಲದೆಯೇ, ನಾನು ಬಂದು ನಿಂತಿದ್ದೆ. ಓದಿದವನು ಓದದವರ ಒಡೆಯನಾಗುವುದು ಎಷ್ಟು ಸುಲಭ! ಕೆಟ್ಟ ಮನಸ್ಸೇ ಬೇಕಾಗಿಲ್ಲ; ಬರೆದಿಡಬೇಕಾದುದನ್ನು ಬರೆಯದೆ ಬಿಟ್ಟರೆ ಸಾಕು.

ಆ ರಾತ್ರಿಯೇ ನನ್ನ ನೋಟ್‌ಪುಸ್ತಕದಿಂದ ಹಾಳೆಯೊಂದನ್ನು ಹರಿದು ಬರೆದೆವು. ಈ ಐದು ಮಟ್ಟುಗಳ ಮುದ್ರಣಕ್ಕೆ ನಾಲ್ವರೂ ಸಮಾನ ನಿರ್ಮಾಪಕರು. ಇದರಿಂದ ಬರುವ ಹಣ ನಾಲ್ಕು ಪಾಲು. ಎಲ್ಲಿ ಹಾಕಿದರೂ ನಾಲ್ವರ ಹೆಸರು, ಅವರವರ ವಾದ್ಯದ ಹೆಸರು ಇರಬೇಕು. ನಾನು ಮುದ್ರಿಸಿಕೊಟ್ಟವನು, ನನ್ನಲ್ಲಿ ಹಕ್ಕೇನಾದರೂ ಹುಟ್ಟಿದ್ದರೆ ಅದನ್ನು ಅದರ ಪೂರ್ಣಾವಧಿಗೆ ನಾಲ್ವರಿಗೂ ಬಿಟ್ಟುಕೊಟ್ಟಿದ್ದೇನೆ. ಮೂವರು ರುಜು ಹಾಕಿದರು, ದೊಡ್ಡಪ್ಪನವರು ಹೆಬ್ಬೆಟ್ಟು ಒತ್ತಿದರು, ನಾನು ಕೊನೆಯಲ್ಲಿ ರುಜು ಮಾಡಿದೆ. ಆ ಮುದ್ರಣದಿಂದ ಇಂದಿನವರೆಗೆ ಹಣವೇನೂ ಬಂದಿಲ್ಲ. ಬರುತ್ತದೆಂಬ ಭರವಸೆಯೂ ನನಗಿಲ್ಲ. ಆದರೆ ಅದನ್ನು ಕೇಳಿದವರೊಬ್ಬರು ಹೆಸರು ನೋಡಿ, ಊರು ಹುಡುಕಿ, ಮಗಳ ಮದುವೆಗೆ ವಾಲಗ ಬೇಕೆಂದು ಮನೆಗೇ ಬಂದರು. ಹೆಸರಿಗೆ ಅಷ್ಟು ಬೆಲೆಯುಂಟು.

ಸಹಪಾಠಿಗಳಲ್ಲಿ ನನ್ನದೊಂದು ವಿನಂತಿ. ನಮ್ಮಲ್ಲಿ ಬಹುಮಂದಿಯ ಮನೆಯಲ್ಲಿ ಹಾಡುವವರಿದ್ದಾರೆ: ದುಡಿ ಹಿಡಿದು ಹಾಡುವ ಅಜ್ಜ, ಅರೆಭಾಷೆಯ ಸೋಬಾನೆ ಹೇಳುವ ಅಜ್ಜಿ, ಹಾಡಿಯಲ್ಲಿ ರಾತ್ರಿಯೆಲ್ಲ ಕುಣಿದು ಹಾಡುವ ಯರವರ, ಕುರುಬರ ಗೆಳೆಯರು. ಅವರ ಹಾಡನ್ನು ನಾವು ಫೋನಿನಲ್ಲಿ ಹಿಡಿಯುತ್ತೇವೆ, ಸ್ನೇಹಿತರಿಗೆ ಕಳುಹಿಸುತ್ತೇವೆ, ಯೋಜನಾ ವರದಿಗೆ ಸೇರಿಸುತ್ತೇವೆ. ಹಾಗೆ ಮಾಡುವ ಮುನ್ನ ಅವರನ್ನು ಕೇಳೋಣ. ಮಾಡಿದ ಮೇಲೆ ಅವರ ಹೆಸರು ಬರೆಯೋಣ. ಯಾರಾದರೂ ಹಣ ಕೊಟ್ಟು ಮುದ್ರಿಸಲು ಬಂದರೆ, ರುಜು ಹಾಕುವ ಮುಂಚೆ ಕಾಗದವನ್ನು ಓದಿ ಹೇಳೋಣ: ಯಾವ ಹಾಡು, ಯಾವ ಬಳಕೆಗೆ, ಎಷ್ಟು ವರ್ಷಕ್ಕೆ, ಎಷ್ಟು ಪಾಲಿಗೆ. ಕಾಗದವೇ ಇಲ್ಲದಿದ್ದರೆ ಕೇಳಿ ಬರೆಯಿಸೋಣ. ಒಂದು ಪ್ರತಿಯನ್ನು ಮನೆಯ ಪೆಟ್ಟಿಗೆಯಲ್ಲಿಡೋಣ.

‘ಉಳುವವನೇ ಹೊಲದೊಡೆಯ’ ಎಂಬ ಮಾತು ನಮ್ಮ ರಾಜ್ಯದಲ್ಲಿ ೧೯೭೪ರ ಭೂಸುಧಾರಣೆಯಿಂದ ಎಷ್ಟೋ ಮನೆಗಳಿಗೆ ನಿಜವಾಯಿತು. ಅಲ್ಲಿಯೂ ಉತ್ತವನಿಗೆ ನೆಲ ಸಿಕ್ಕಿದ್ದು ಅರ್ಜಿ ಬರೆದುಕೊಡುವವರೊಬ್ಬರು ಊರಿನಲ್ಲಿದ್ದಾಗ. ಊದಿದವನು ಒಡೆಯನಾಗುವುದಕ್ಕೂ ಕಾನೂನು ಅರ್ಧ ದಾರಿ ಬಂದು ನಿಂತಿದೆ. ಉಳಿದರ್ಧ ದಾರಿ, ಅಕ್ಷರ ಕಲಿತ ನಮ್ಮ ಕೈಯಲ್ಲಿದೆ.